ಒಳಕುಪ್ಪಸದ ಅಳತೆ

ಸಾಹಿತ್ಯದ ಪುಟದಲ್ಲಿ ಇಂಥದೊಂದು ವಿಷಯವನ್ನು ಎತ್ತಿಕೊಂಡುದಕ್ಕೆ ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ವಾರವಾರವೂ ಕಾವ್ಯ, ವಿಮರ್ಶೆ, ಹೊಸ ಪುಸ್ತಕಗಳ ಮಾತು ನಡೆಯುವ ಈ ಅಂಕಣದಲ್ಲಿ ಹೆಂಗಸರ ಒಳಉಡುಪಿನ ಮಾತೇಕೆ ಎಂದು ಕೇಳುವವರು ಕೇಳಲಿ. ಆ ಪ್ರಶ್ನೆ ನನ್ನ ಮನಸ್ಸಿನಲ್ಲಿಯೂ ಎದ್ದಿತ್ತು. ಬರೆಯಲೋ ಬೇಡವೋ ಎಂದು ಎರಡು ವಾರ ಹೊಯ್ದಾಡಿದೆ. ಕೊನೆಗೆ ಬರೆಯುವುದೇ ಸರಿಯೆಂದು ತೋರಿತು. ನಾವು ಆಡಬಾರದೆಂದು ಬಿಟ್ಟ ಮಾತಿನ ಭಾರವನ್ನು ಯಾರೋ ಒಬ್ಬರು ಹೊರುತ್ತಲೇ ಇರುತ್ತಾರೆ. ಅಂಥ ಒಬ್ಬರನ್ನು ಹೋದ ಮಾಗಿಯಲ್ಲಿ ಹತ್ತಿರದಿಂದ ಕಂಡೆ.

ರೋಣ ತಾಲೂಕಿನ ಬೆಳವಣಕಿ ನನ್ನ ತಾಯಿಯ ತವರು. ಎತ್ತ ನೋಡಿದರೂ ಎರೆಯ ಹೊಲ. ಹಿಂಗಾರಿಯ ಜೋಳ, ಕಡಲೆ, ಹತ್ತಿ. ಅಲ್ಲಿ ನನ್ನ ಚಿಗವ್ವ ಇದ್ದಾಳೆ. ವಯಸ್ಸು ಅರವತ್ತು ದಾಟಿದೆ. ಮೂರು ವರ್ಷದ ಹಿಂದೆ ಆಕೆಯ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಯಾಗಿ ಒಂದು ಮೊಲೆಯನ್ನು ತೆಗೆಯಬೇಕಾಯಿತು. ಭಾರತದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರು ಇದೇ ಎಂಬುದು ಈಗ ಎಲ್ಲರಿಗೂ ತಿಳಿದ ಸಂಗತಿ. ವೈದ್ಯರು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದರು, ರೋಗ ಹಿಮ್ಮೆಟ್ಟಿತು. ಚಿಗವ್ವ ಮೊದಲಿನಂತೆ ಉಣ್ಣುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಮೊಮ್ಮಕ್ಕಳನ್ನು ಗದರುತ್ತಾಳೆ. ಆದರೆ ಸಂತೆಗೆ ಹೋಗುವುದನ್ನು ಬಿಟ್ಟಿದ್ದಾಳೆ. ಮದುವೆ ಮುಂಜಿವೆಗಳಿಗೂ ಹೋಗುವುದಿಲ್ಲ. ಊರಿನಲ್ಲಿ ಜಾತ್ರೆಯಾದರೆ ಬಾಗಿಲ ಸಂದಿನಲ್ಲಿ ನಿಂತು ತೇರಿನ ಕಳಸವನ್ನಷ್ಟೇ ನೋಡಿ ಕೈಮುಗಿಯುತ್ತಾಳೆ.

ಏಕೆಂದು ಕೇಳಿದೆ. "ಒಂದ ಕಡೆ ಜಗ್ಗಿದಂಗ ಆಗತೈತವಾ. ಸೆರಗ ಎಷ್ಟ ಹೊತ್ತಕೊಂಡ್ರೂ ಮಂದಿ ಕಣ್ಣ ಅಲ್ಲೇ ಬಂದ ಬೀಳತಾವ" ಎಂದಳು. ಆಮೇಲೆ, ಮನೆಯಲ್ಲಿ ಗಂಡಸರಿಲ್ಲದ ಹೊತ್ತು ನೋಡಿ, ಟ್ರಂಕಿನಿಂದ ಒಂದು ಪುಟ್ಟ ಗಂಟನ್ನು ತೆಗೆದು ನನ್ನ ಕೈಗಿತ್ತಳು. ಹಳೆಯ ಖಣದ ತುಂಡಿನಿಂದ ಹೊಲಿದ ಚೀಲ. ಒಳಗೆ ತಮ್ಮದೇ ಹೊಲದ ಹತ್ತಿ. ಹಿಡಿದು ನೋಡಿದರೆ ಒಳಗೇನೋ ಹರಳಿನಂತೆ ಜಾರಿತು. "ಬರೇ ಅರಳಿ ತುಂಬಿದ್ರ ಹಗರಾಗಿ ಮ್ಯಾಲೆ ಏರತಿತ್ತು. ಅದಕ್ಕ ನಡುವ ಒಂದ ಹಿಡಿ ಜ್ವಾಳ ಹಾಕೇನಿ" ಎಂದಳು. ತೂಕ ಬೇಕೆಂಬುದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಕಡೆಯ ಭಾರ ಹೋದಾಗ ಹೆಗಲು, ಬೆನ್ನು ಸರಿದೂಗಲಾರದೆ ಒಂದೆಡೆಗೆ ವಾಲುತ್ತವೆಂದು ವೈದ್ಯಶಾಸ್ತ್ರವೂ ಹೇಳುತ್ತದೆ. ಚಿಗವ್ವ ಅದನ್ನು ತನ್ನ ಬೆನ್ನಿನಿಂದಲೇ ಅರಿತುಕೊಂಡಿದ್ದಳು. ಆದರೆ ಆ ಚೀಲವನ್ನು ಹಿಡಿದು ನಿಲ್ಲಿಸುವ ಒಳಕುಪ್ಪಸ ಮಾತ್ರ ಆಕೆಗೆ ಎಲ್ಲಿಯೂ ಸಿಕ್ಕಿರಲಿಲ್ಲ.

ಮರುದಿನ ಇಬ್ಬರೂ ಬಸ್ಸು ಹತ್ತಿ ಗದಗಿಗೆ ಹೋದೆವು. ಆಕೆಗೆ ಬೇಕಾದುದು ಹೆಚ್ಚಿನದೇನಲ್ಲ. ಒಂದು ಬದಿಯ ಒಳಗೆ ಚೀಲವನ್ನಿಡಲು ಜೇಬಿರಬೇಕು. ಎದೆಯ ಕೆಳಗೆ ಬರುವ ಪಟ್ಟಿ ಅಗಲವಾಗಿರಬೇಕು. ಶಸ್ತ್ರ ಆಡಿದ ಬದಿಯ ತೋಳು ಬಾವು ಬರುವ ಭಯವಿರುವುದರಿಂದ ಹೆಗಲಪಟ್ಟಿ ಅಲ್ಲಿ ಕೊರೆಯಬಾರದು. ಮೂರು ಅಂಗಡಿಗಳನ್ನು ಹೊಕ್ಕೆವು. ನಮ್ಮ ಕಡೆಯ ಹೆಂಗಸರು ಈ ಉಡುಪನ್ನು ಅಂಗಡಿಯಲ್ಲಿ 'ಬಾಡಿ' ಎಂದು ಕೇಳುವುದುಂಟು. ಇಂಗ್ಲಿಷಿನ 'ಬಾಡಿಸ್' ಸವೆದು ಹೀಗಾಗಿರಬೇಕು. ಆದರೆ ಆ ಭಾಷೆಯಲ್ಲಿ ಬಾಡಿ ಎಂದರೆ ಒಡಲು. 'ಒಂದು ಒಡಲು ಕೊಡಿ' ಎಂದು ಕೇಳಿದಂತಾಯಿತು! ಅಂಗಡಿಯವನು ಒಳ್ಳೆಯವನೇ. ತಲೆ ತಗ್ಗಿಸಿ, "ನಂಬರ್ ಯಾವದ್ರೀ?" ಎಂದ. ನಂಬರು ತಿಳಿಯದೆಂದೆವು. ಒಮ್ಮೆ ಕಣ್ಣೆತ್ತಿ ನೋಡಿ, ಅಷ್ಟರಿಂದಲೇ ಅಳೆದು, ಮೂರು ಪೆಟ್ಟಿಗೆ ಮುಂದಿಟ್ಟ. "34, 36, 38 ಅದಾವ್ರಿ. ಇದರಾಗ ಎಲ್ಲಾರಿಗೂ ಆಗತೈತಿ" ಎಂದ. ಮೂರನೆಯ ಅಂಗಡಿಯಲ್ಲಿ ನಾನೇ ಧೈರ್ಯ ಮಾಡಿ ಬೇಕಾದುದನ್ನು ಬಿಡಿಸಿ ಹೇಳಿದೆ. ಆತ ಸ್ವಲ್ಪ ಹೊತ್ತು ಯೋಚಿಸಿ, "ಇಂಥಾದ್ದ ಕೇಳಾವ್ರ ಯಾರೂ ಬರೂದಿಲ್ರಿ" ಎಂದ.

ತಿರುಗಿ ಬರುವಾಗ ಚಿಗವ್ವ ಬಸ್ಸಿನಲ್ಲಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕಿಡಕಿಯಾಚೆ ನೋಡುತ್ತಲೇ ಅಂದಳು: "ಸಿಗೂದಿಲ್ಲಂತ ಗೊತ್ತಿದ್ದಾವ್ರ ಕೇಳಾಕ ಯಾಕ ಬರತಾರ?"

ನಾನು ಈ ಲೇಖನವನ್ನು ಬರೆಯಲು ಆ ಒಂದು ಮಾತೇ ಕಾರಣ. ಕೇಳುವವರಿಲ್ಲವೆಂದು ಅಂಗಡಿಯವನು ತರಿಸುವುದಿಲ್ಲ. ತರಿಸುವುದಿಲ್ಲವೆಂದು ಹೆಂಗಸರು ಕೇಳುವುದಿಲ್ಲ. ಈ ವರ್ತುಲದ ಹೊರಗೆ ಉಳಿದವರೆಷ್ಟು ಜನ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅವರು ರೋಗದಿಂದ ಎದ್ದವರು ಮಾತ್ರವೆಂದು ತಿಳಿಯಬೇಡಿ. ಬಹಳ ತೆಳ್ಳಗಿರುವವರು, ತುಂಬಿದ ಮೈಯವರು, ಬೆನ್ನು ಕಿರಿದಾಗಿ ಎದೆ ತುಂಬಿರುವವರು, ಮೊಲೆಯುಣಿಸುತ್ತಿರುವ ಬಾಣಂತಿಯರು, ಎರಡು ಬದಿಯೂ ಸಮನಾಗಿಲ್ಲದವರು, ಇವರೆಲ್ಲರೂ ಅಲ್ಲಿದ್ದಾರೆ. ಅವರಲ್ಲಿ ನಾನೂ ಒಬ್ಬಳು.

ಇದನ್ನು ಹೇಳಿಕೊಳ್ಳಲು ನನಗೆ ಐವತ್ತು ವರ್ಷ ಬೇಕಾಯಿತು. ಶಾಲೆಯಲ್ಲಿ ನಾನು ಓಟಗಾತಿಯಾಗಿದ್ದೆ. ಕಾಲೇಜಿಗೆ ಬಂದ ವರ್ಷ ಪಂದ್ಯಗಳಿಂದ ಹಿಂದೆ ಸರಿದೆ. ಓದಿನ ನೆಪ ಹೇಳಿದೆ, ಗುರುಗಳೂ ನಂಬಿದರು. ನಿಜವಾದ ಕಾರಣವೆಂದರೆ ಓಡುವಾಗ ಎದೆಯನ್ನು ಹಿಡಿದು ನಿಲ್ಲಿಸುವ ಉಡುಪು ನನ್ನಲ್ಲಿರಲಿಲ್ಲ, ಹಾಗೆಂದು ಹೇಳುವ ಮಾತೂ ಇರಲಿಲ್ಲ. 2016ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಸಂಶೋಧಕರು ಎರಡು ಸಾವಿರಕ್ಕೂ ಹೆಚ್ಚು ಶಾಲಾ ಬಾಲಕಿಯರನ್ನು ಕೇಳಿ ಪ್ರಕಟಿಸಿದ ಅಧ್ಯಯನವೊಂದನ್ನು ಈಚೆಗೆ ಓದಿದೆ. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ, ಈ ಕಾರಣದಿಂದ ಆಟದಲ್ಲಿ ಭಾಗವಹಿಸುವುದಕ್ಕೆ ತೊಡಕಾಗಿದೆಯೆಂದು ಹೇಳಿದ್ದರಂತೆ. ಅದನ್ನೋದಿದಾಗ ನನಗೆ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚಾಗಿ ಬಂದಿತು. ನಮ್ಮ ಎಷ್ಟು ಶಾಲೆಗಳ ಆಟದ ಬಯಲಿನಿಂದ ಎಷ್ಟು ಹುಡುಗಿಯರು 'ಓದಿನ ನೆಪ'ದಿಂದ ಮರಳಿರಬಹುದು! ಈ ಮಾತನ್ನು ಇಲ್ಲಿ ಬರೆಯುವಾಗ ನನ್ನ ಕಣ್ಣ ಮುಂದಿರುವವರು ಇದನ್ನೋದುವ ಅಧ್ಯಾಪಕಿಯರು.

ಇನ್ನು ಈ 'ನಂಬರಿ'ನ ವಿಚಾರ. ನಲವತ್ತು ದಾಟಿದ ಮೇಲೆ, ಪರಊರಿನಲ್ಲಿ ಒಬ್ಬ ಹೆಂಗಸು ಟೇಪು ಹಿಡಿದು ನನ್ನನ್ನು ಮೊದಲ ಬಾರಿಗೆ ಅಳೆದಳು. ಅಲ್ಲಿಯವರೆಗೂ ನಾನು 36 ಬಿ ತೊಡುತ್ತಿದ್ದೆ. ಅಂಗಡಿಯವರು ಕೊಟ್ಟುದು ಅದೇ. ಆಕೆಯ ಅಳತೆಯಲ್ಲಿ ಎದೆಯ ಕೆಳಗಿನ ಸುತ್ತು 30 ಅಂಗುಲ, ಎದೆಯ ಮೇಲಿನ ಸುತ್ತು 35 ಅಂಗುಲವಾಯಿತು. ಈ ಉಡುಪಿನ ಮೇಲೆ ಬರೆದ ಅಂಕಿ ಕೆಳಗಿನ ಸುತ್ತಿಗೆ ಸೇರಿದ್ದು. ಅದರ ಪಕ್ಕದ ಅಕ್ಷರ ಎರಡು ಸುತ್ತುಗಳ ಅಂತರಕ್ಕೆ ಸೇರಿದ್ದು. ಸಾಮಾನ್ಯವಾಗಿ ಅಂತರ ಒಂದು ಅಂಗುಲವಾದರೆ ಎ, ಎರಡಾದರೆ ಬಿ, ಮೂರಾದರೆ ಸಿ, ನಾಲ್ಕಾದರೆ ಡಿ, ಐದಾದರೆ ಡಿಡಿ. ಆ ಲೆಕ್ಕದಿಂದ ನನ್ನದು 30 ಡಿಡಿ. ಆದರೆ ಅಕ್ಷರ ತಾನಾಗಿಯೇ ಯಾವ ಗಾತ್ರವನ್ನೂ ಹೇಳುವುದಿಲ್ಲ. ಪಕ್ಕದ ಅಂಕಿಯೊಡನೆ ಕೂಡಿದಾಗಲೇ ಅದಕ್ಕೆ ಅರ್ಥ. 30 ಡಿಡಿ, 32 ಡಿ, 34 ಸಿ, 36 ಬಿ, ಈ ನಾಲ್ಕರಲ್ಲಿಯೂ ಬಟ್ಟಲಿನ ತುಂಬು ಹೆಚ್ಚುಕಡಿಮೆ ಒಂದೇ. ಆದುದರಿಂದ 36 ಬಿ ನನಗೆ ಮೇಲ್ನೋಟಕ್ಕೆ ಹೊಂದಿದಂತೆ ಕಾಣುತ್ತಿತ್ತು. ತಪ್ಪಿದುದು ಸುತ್ತಿನ ಪಟ್ಟಿ. ಅದು ನನ್ನ ಮೈಗಿಂತ ಆರು ಅಂಗುಲ ಸಡಿಲ. ಭಾರದ ಬಹುಪಾಲನ್ನು ಹೊರಬೇಕಾದುದು ಆ ಪಟ್ಟಿಯೇ. ಅದು ಸಡಿಲವಾದಾಗ ಭಾರವೆಲ್ಲ ಹೆಗಲ ಮೇಲೆ ಬೀಳುತ್ತದೆ. ಹೆಗಲಿನಲ್ಲಿ ಗೀರು ಮೂಡುತ್ತದೆ, ಕುತ್ತಿಗೆ ನೋಯುತ್ತದೆ, ಬೇಸಗೆಯಲ್ಲಿ ಎದೆಯ ಕೆಳಗೆ ಬೆವರು ನಿಂತು ಚರ್ಮ ಹುಣ್ಣಾಗುತ್ತದೆ. ಇಪ್ಪತ್ತು ವರ್ಷ ಈ ನೋವನ್ನು ನಾನು ಹೆಣ್ಣುಜನ್ಮದ ಪಾಡೆಂದೇ ತಿಳಿದಿದ್ದೆ. ಅದು ಆರು ಅಂಗುಲ ಬಟ್ಟೆಯ ತಪ್ಪಾಗಿತ್ತು.

ಈ ಅಂಕಿ ಅಕ್ಷರಗಳಿಗೆ ದೀರ್ಘ ಇತಿಹಾಸವೇನೂ ಇಲ್ಲ. 1914ರಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬ ತರುಣಿ ತನ್ನ ಒಳಉಡುಪಿಗೆ ಪೇಟೆಂಟ್ ಪಡೆದಳು. ಎರಡು ಕರವಸ್ತ್ರಗಳನ್ನೂ ಒಂದಿಷ್ಟು ರಿಬ್ಬನ್ನನ್ನೂ ಕೂಡಿಸಿ ಹೊಲಿದು ಅವಳು ಅದನ್ನು ಕಂಡುಕೊಂಡಿದ್ದಳೆಂದು ಕತೆ. ಬಟ್ಟಲಿಗೆ ಅಕ್ಷರಗಳು ಬಂದುದು 1930ರ ದಶಕದಲ್ಲಿ; ಮೊದಲಿಗೆ ಎ, ಬಿ, ಸಿ, ಡಿ ಎಂಬ ನಾಲ್ಕೇ. ಜಗತ್ತಿನ ಹೆಣ್ಣುಕುಲವೆಲ್ಲ ನಾಲ್ಕು ಅಕ್ಷರಗಳಲ್ಲಿ ಅಡಗುವುದೆಂದು ಆ ಕಾಲದ ತಯಾರಕರು ತಿಳಿದಿರಬೇಕು. ಸಿದ್ಧ ಉಡುಪಿಗೆ ಅಳತೆಗಳನ್ನು ಗೊತ್ತುಪಡಿಸಲು ಅಮೆರಿಕದ ಸರಕಾರ ಸುಮಾರು 15,000 ಹೆಂಗಸರನ್ನು ಅಳೆಸಿ 1941ರಲ್ಲಿ ವರದಿಯನ್ನು ಪ್ರಕಟಿಸಿತು. ಬಿಳಿಯರಲ್ಲದವರ ಅಳತೆಗಳನ್ನು ಆ ಲೆಕ್ಕದಿಂದ ಕೈಬಿಡಲಾಗಿತ್ತು. ನಮ್ಮ ದೇಶದಲ್ಲಿಯೂ ಈಚಿನ ವರ್ಷಗಳಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಆರು ನಗರಗಳಲ್ಲಿ 15ರಿಂದ 65 ವಯಸ್ಸಿನ 25,000 ಜನರನ್ನು ಯಂತ್ರದಿಂದ ಅಳೆದು ಭಾರತೀಯರದೇ ಅಳತೆಪಟ್ಟಿಯನ್ನು ಮಾಡುವ ಕೆಲಸವನ್ನು ಕೈಗೊಂಡಿತು. ಒಳ್ಳೆಯ ಕೆಲಸ. ಆದರೆ ನಗರದ ಮೈಯೇ ದೇಶದ ಮೈಯಲ್ಲ. ಎರೆಯ ಹೊಲದಲ್ಲಿ ದಿನವಿಡೀ ಬಾಗಿ ಕಳೆ ತೆಗೆದ ಹೆಂಗಸಿನ ಅಳತೆಯೂ ಅಂಥ ಪಟ್ಟಿಗೆ ಸೇರುವ ದಿನ ಬರಲೆಂದು ಹಾರೈಸುತ್ತೇನೆ.

ಅಂಗಡಿಯವನ ಕಡೆಯ ನ್ಯಾಯವನ್ನೂ ಇಲ್ಲಿ ಹೇಳಬೇಕು. 28ರಿಂದ 44ರ ವರೆಗಿನ ಸರಿಸಂಖ್ಯೆಗಳು ಒಂಬತ್ತು. ಎ ಯಿಂದ ಎಫ್ ವರೆಗಿನ ಬಟ್ಟಲುಗಳು ಆರು ಎಂದಿಟ್ಟುಕೊಂಡರೂ ಒಟ್ಟು 54 ಅಳತೆಗಳಾದವು. ಮೂರು ಬಣ್ಣ, ಬಣ್ಣಕ್ಕೆರಡು ಎಂದು ತರಿಸಿದರೆ ಒಂದೇ ಮಾದರಿಗೆ 324 ನಗಗಳು. ಸಣ್ಣ ಊರಿನ ವ್ಯಾಪಾರಿಗೆ ಇದು ಹೊರಲಾರದ ಬಂಡವಾಳ. ಬೇಗ ಮಾರಿಹೋಗುವ ನಾಲ್ಕೈದು ಅಳತೆಗಳನ್ನು ಆತ ಇಟ್ಟುಕೊಳ್ಳುವುದರಲ್ಲಿ ದುಷ್ಟತನವೇನೂ ಇಲ್ಲ. ದೊಡ್ಡ ಊರುಗಳಲ್ಲಿ, ದೂರವಾಣಿಯ ಮೂಲಕ ತರಿಸುವ ಮಳಿಗೆಗಳಲ್ಲಿ ಈಗ ಹೆಚ್ಚಿನ ಅಳತೆಗಳು ದೊರೆಯುತ್ತವೆ ನಿಜ. ಆದರೆ ಅಳತೆ ತಿಳಿಯದವಳು ಏನೆಂದು ತರಿಸಬೇಕು? ಹೊಂದದಿದ್ದರೆ ಮರಳಿ ಕೊಳ್ಳಲು ಒಳಉಡುಪಿನ ವಿಷಯದಲ್ಲಿ ಎಷ್ಟೋ ಮಾರಾಟಗಾರರು ಒಪ್ಪುವುದಿಲ್ಲ. ಮನೆಗೆಲ್ಲ ಇರುವುದು ಒಂದೇ ಫೋನು, ಅದೂ ಮಗನ ಕೈಯಲ್ಲಿ ಎಂದಾದರೆ ಚಿಗವ್ವನಂಥವಳು ಬಾಯಿ ತೆರೆಯುವುದು ಹೇಗೆ?

ನಮ್ಮ ನಾಡಿನಲ್ಲಿ ಈ ತೊಡಕು ಮೊದಲಿನಿಂದಲೂ ಇದ್ದುದಲ್ಲ. ಮಲಪ್ರಭೆಯ ಆಚೆ ಗುಳೇದಗುಡ್ಡದಲ್ಲಿ ನೇಯ್ದ ಖಣ, ಮುಕ್ಕೋನಾಗಿ ಮಡಿಚಿಟ್ಟ ಆ ಚಿಕ್ಕ ಬಟ್ಟೆ, ಒಂದು ಕುಪ್ಪಸಕ್ಕೆ ಸಾಲುವಂತೆ ಬರುತ್ತಿತ್ತು. ಇಳಕಲ್ಲಿನ ಸೀರೆಗೆ ಅದು ಜೊತೆ. ಸಿಂಪಿಗನ ಮನೆಗೆ ಹೆಂಗಸು ಖಣದೊಡನೆ ತನ್ನದೊಂದು ಹಳೆಯ ಕುಪ್ಪಸವನ್ನು 'ಅಳತೆಗೆಂದು' ಕಳಿಸುತ್ತಿದ್ದಳು; ಅವಳ ಪರವಾಗಿ ಆ ಕುಪ್ಪಸವೇ ಮಾತನಾಡುತ್ತಿತ್ತು. ನಮ್ಮ ಅಜ್ಜಿಯರು ತೊಡುತ್ತಿದ್ದ ಕುಪ್ಪಸಕ್ಕೆ ಗುಂಡಿ ಕೊಂಡಿಗಳಿರಲಿಲ್ಲ. ಎರಡು ತುದಿಗಳನ್ನು ಎದೆಯ ಕೆಳಗೆ ತಂದು ಗಂಟು ಹಾಕುತ್ತಿದ್ದರು. ಮೈ ಬಂದರೆ ಗಂಟು ಸಡಿಲ, ಇಳಿದರೆ ಬಿಗಿ. ಬಸುರಿಗೂ ಬಾಣಂತಿಗೂ ಅದೇ ಕುಪ್ಪಸ. ಗಂಟಿಗೆ ನಂಬರಿರಲಿಲ್ಲ. ಬಸುರಿಯ ಏಳನೆಯ ತಿಂಗಳ ಸಂಭ್ರಮಕ್ಕೆ ನಮ್ಮ ಕಡೆ ಇಂದಿಗೂ 'ಕುಬಸ' ಎಂದೇ ಹೆಸರು. ತವರಿನವರು ಹಸಿರು ಸೀರೆ, ಹಸಿರು ಕುಬಸ ತಂದು ತೊಡಿಸುತ್ತಾರೆ. ಹೆಣ್ಣಿನ ಮೈ ಬದಲಾಗುತ್ತದೆ, ಅದಕ್ಕೆ ಹೊಸ ಬಟ್ಟೆ ಬೇಕು ಎಂಬ ಸಾಮಾನ್ಯ ವಿವೇಕವನ್ನು ನಮ್ಮ ಹಿರಿಯರು ಹಬ್ಬವಾಗಿಯೇ ಮಾಡಿದ್ದರು.

ಹಾಗೆಂದು ಹಳೆಯ ಕಾಲವನ್ನು ಹೊಗಳಿ ಕುಳಿತುಕೊಳ್ಳುವ ಆಸೆ ನನಗಿಲ್ಲ. ವಿಧವೆಯಾದವಳಿಗೆ ಕುಪ್ಪಸವೇ ನಿಷಿದ್ಧವಾಗಿದ್ದ ಮನೆಗಳು ಆ ಕಾಲದಲ್ಲಿದ್ದವು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆಯನ್ನು ಮುಚ್ಚಿಕೊಳ್ಳುವ ಹಕ್ಕಿಗಾಗಿಯೇ ದಶಕಗಟ್ಟಲೆ ಹೋರಾಡಬೇಕಾಯಿತು. ಅದಕ್ಕೆ ರಾಜಾಜ್ಞೆ ದೊರೆತುದು 1859ರಲ್ಲಿ. ಕಾರ್ಖಾನೆಯ ಉಡುಪು ಅಗ್ಗವಾಗಿ ಬಂದಿದೆ, ದುಡಿಯುವ ಹೆಂಗಸಿಗೆ ಅನುಕೂಲವನ್ನೂ ತಂದಿದೆ. ನನ್ನ ಮಾತು ಇಷ್ಟೆ: ಹಿಂದೆ ಬಟ್ಟೆಯನ್ನು ಮೈಗೆ ಹೊಂದಿಸುತ್ತಿದ್ದೆವು, ಈಗ ಮೈಯನ್ನು ಬಟ್ಟೆಗೆ ಹೊಂದಿಸಿಕೊಳ್ಳಬೇಕಾಗಿದೆ. ಹೊಂದದಿದ್ದಾಗ ತಪ್ಪು ಬಟ್ಟೆಯದೆಂದು ಯಾವ ಹೆಂಗಸಿಗೂ ತೋರುವುದಿಲ್ಲ. ತನ್ನ ಮೈಯೇ ತಪ್ಪೆಂದು ಅವಳಿಗೆ ತೋರುತ್ತದೆ. ಕೇಡಿರುವುದು ಇಲ್ಲಿ.

ಸಾಹಿತ್ಯದ ವಾಚಕರಿಗೆ ಒಂದು ಮಾತನ್ನು ನೆನಪಿಸಬೇಕೆನಿಸುತ್ತದೆ. ಸಾವಿರ ವರ್ಷಗಳ ನಮ್ಮ ಕಾವ್ಯದಲ್ಲಿ ಕವಿಗಳು ಹೆಣ್ಣಿನ ಎದೆಯನ್ನು ವರ್ಣಿಸದ ಪರ್ವ ಯಾವುದು, ಆಶ್ವಾಸ ಯಾವುದು? ಕಳಸ, ಬೆಟ್ಟ, ಚಕ್ರವಾಕ, ಆನೆಯ ಕುಂಭಸ್ಥಳ ಎಂದು ಉಪಮಾನಗಳಿಗೆ ಬರವಿಲ್ಲ. ಆ ಪದ್ಯಗಳನ್ನು ನಾನು ತರಗತಿಯಲ್ಲಿ ಕಲಿತೆ, ತರಗತಿಯಲ್ಲಿಯೇ ಕಲಿಸಿದೆ. ಯಾರೂ ಹುಬ್ಬು ಗಂಟಿಕ್ಕಲಿಲ್ಲ. ವರ್ಣನೆಗೆ ನಾಚದವರು ಅಳತೆಗೆ ನಾಚುತ್ತೇವೆ. ನೋಡುವವನ ಕಣ್ಣಿಗೆ ಸಿಕ್ಕಷ್ಟು ಮಾತು ಹೊರುವವಳ ಬೆನ್ನಿಗೆ ಸಿಕ್ಕಿಲ್ಲ. ಅಕ್ಕಮಹಾದೇವಿ ಬಟ್ಟೆಯನ್ನು ತೊರೆದಳಲ್ಲ ಎಂದು ಯಾರಾದರೂ ಹೇಳಬಹುದು. ಅಕ್ಕ ತೊರೆದುದು ತನ್ನ ನಿಶ್ಚಯದಿಂದ, ಲೋಕವನ್ನೇ ಗೆದ್ದು. ಬೇಕೆಂದರೂ ಸಿಗದೆ ಮನೆಯೊಳಗೆ ಕುಳಿತವಳ ಪಾಡು ಬೇರೆ.

ಗದಗು ಕುಮಾರವ್ಯಾಸನ ಊರು. ವೀರನಾರಾಯಣನ ಗುಡಿಯಲ್ಲಿ ಕುಳಿತು ಆತ ಭಾರತವನ್ನು ಕನ್ನಡದಲ್ಲಿ ಹಾಡಿದ. ತುಂಬಿದ ಸಭೆಯಲ್ಲಿ ಒಬ್ಬ ಹೆಣ್ಣಿನ ಮಾನಕ್ಕಾಗಿ ಸೆಳೆದಷ್ಟೂ ಮುಗಿಯದ ಸೀರೆ ಬಂದ ಕತೆಯನ್ನು ನಮ್ಮ ಕಡೆಯ ಮುದುಕಿಯರು ಇಂದಿಗೂ ಕಣ್ಣೊರೆಸಿಕೊಂಡು ಕೇಳುತ್ತಾರೆ. ಅಂದು ಮೂರು ಅಂಗಡಿಗಳಿಂದ ಬರಿಗೈಯಲ್ಲಿ ಹೊರಬಿದ್ದ ಮೇಲೆ ಚಿಗವ್ವ ಗುಡಿಗೆ ಹೋಗೋಣವೆಂದಳು. ಅವಳು ದೇವರಲ್ಲಿ ಏನು ಬೇಡಿದಳೋ ನಾನು ಕೇಳಲಿಲ್ಲ. ನನಗೆ ಮಾತ್ರ ಅಲ್ಲಿ ನಿಂತಾಗ, ಇವಳಿಗೆ ಬೇಕಾದುದು ಅಕ್ಷಯವಸ್ತ್ರವಲ್ಲ, ಅರ್ಧ ಗಜ ಬಟ್ಟೆ ಮತ್ತು ಒಬ್ಬಳು ಹೊಲಿಯುವವಳು ಎಂದು ಹೊಳೆಯಿತು.

ಹೊಲಿಯುವವಳು ಊರಿನಲ್ಲಿಯೇ ಸಿಕ್ಕಳು. ಬೆಳವಣಕಿಯ ತರುಣಿಯೊಬ್ಬಳು ಮನೆಯಲ್ಲಿ ಯಂತ್ರವಿಟ್ಟುಕೊಂಡು ಝಂಪರ, ಪರಕಾರಗಳನ್ನು ಹೊಲಿಯುತ್ತಾಳೆ. ಒಳಕುಪ್ಪಸವನ್ನು ಅವಳು ಎಂದೂ ಹೊಲಿದಿರಲಿಲ್ಲ. ಆದರೆ ಕಟೋರಿ ಝಂಪರದ ಕತ್ತರಿ ಅವಳಿಗೆ ಬರುತ್ತಿತ್ತು. ಕಟೋರಿ ಎಂದರೆ ಬಟ್ಟಲೇ ಅಲ್ಲವೆ? ನನ್ನದೊಂದು ಹಳೆಯದನ್ನು ಬಿಚ್ಚಿ ಹರವಿ, ತುಂಡು ತುಂಡಾಗಿ ಕಾಗದದ ಮೇಲೆ ಗೆರೆ ಎಳೆದುಕೊಂಡಳು. ಬಾಗಿಲು ಮುಚ್ಚಿ ಚಿಗವ್ವನನ್ನು ಅಳೆದಳು. "ಯವ್ವಾ, ನಾಚಬ್ಯಾಡ್ರಿ. ನಮ್ಮವ್ವಗೂ ಹಿಂಗ ಆಗಿತ್ತು" ಎಂದಳಂತೆ. ಮೊದಲನೆಯದು ಕಂಕುಳಲ್ಲಿ ಕಚ್ಚಿತು, ಎರಡನೆಯದು ಮೇಲೇರಿತು. ಮೂರನೆಯದಕ್ಕೆ ಪಟ್ಟಿಯನ್ನು ಅಗಲ ಮಾಡಿ, ಮೃದುವಾದ ಹತ್ತಿಯ ಬಟ್ಟೆಯಿಂದ ಒಳಜೇಬು ಕೂಡಿಸಿ, ಮುಂದುಗಡೆ ಕೊಂಡಿಗಳನ್ನಿಟ್ಟಳು. ನೋಯುವ ತೋಳನ್ನು ಬೆನ್ನ ಹಿಂದೆ ತಿರುಗಿಸುವ ಕಷ್ಟ ಅದರಿಂದ ತಪ್ಪಿತು. ಅದು ಪರಿಪೂರ್ಣವೆಂದು ಹೇಳಲಾರೆ. ಒಳ್ಳೆಯ ಇಲಾಸ್ಟಿಕ್ ನಮಗೆ ಸಿಗಲಿಲ್ಲ, ಒಗೆದಂತೆ ಸಡಿಲವಾಗುತ್ತದೆ. ಆದರೆ ಅದು ಚಿಗವ್ವನ ಮೈಗೆ ಹೊಲಿದ ಉಡುಪು.

ಇದರಿಂದ ನಾನು ಕಲಿತುದನ್ನು ವಾಚಕರ ಮುಂದಿಡುತ್ತೇನೆ. ಹೊಲಿಗೆಯ ತರಬೇತಿ ಕೊಡುವ ಸಂಸ್ಥೆಗಳು ಝಂಪರ, ಲಂಗಗಳ ಜೊತೆಗೆ ಒಳಕುಪ್ಪಸದ ಕತ್ತರಿಯನ್ನೂ ಕಲಿಸಲಿ. ಹಳ್ಳಿಯ ಹೆಣ್ಣುಮಕ್ಕಳಿಗೆ ಅದೊಂದು ಜೀವನೋಪಾಯವೂ ಆದೀತು. ಶಾಲೆಯಲ್ಲಿ ಬಾಲಕಿಯರಿಗೆ ಆರೋಗ್ಯದ ಪಾಠ ಹೇಳುವ ಅಧ್ಯಾಪಕಿಯರು ಅಳತೆ ತೆಗೆದುಕೊಳ್ಳುವ ಬಗೆಯನ್ನೂ ಹೇಳಿಕೊಡಲಿ. ಅದು ಕಷ್ಟದ ವಿದ್ಯೆಯಲ್ಲ: ಉಸಿರು ಬಿಟ್ಟು ಎದೆಯ ಕೆಳಗೆ ಬಿಗಿಯಾಗಿ ಒಮ್ಮೆ, ಎದೆಯ ಮೇಲೆ ಸಡಿಲವಾಗಿ ಒಮ್ಮೆ, ಟೇಪು ನೆಲಕ್ಕೆ ಸಮನಾಗಿರುವಂತೆ ಹಿಡಿದು ನೋಡಿದರೆ ಮುಗಿಯಿತು. ಶಸ್ತ್ರಚಿಕಿತ್ಸೆಯಾದವರನ್ನು ಮನೆಗೆ ಕಳಿಸುವಾಗ ಆಸ್ಪತ್ರೆಗಳು ಗುಳಿಗೆಗಳ ಜೊತೆ ಈ ವಿಷಯದಲ್ಲಿಯೂ ಎರಡು ಮಾತು ಹೇಳಲಿ. ಇಂಥವರಿಗಾಗಿ ದಾರದಿಂದ ಹಗುರವಾದ ಮೆತ್ತೆಗಳನ್ನು ಹೆಣೆದು ಉಚಿತವಾಗಿ ಕಳಿಸುವ ಸ್ವಯಂಸೇವಕಿಯರ ಗುಂಪುಗಳು ನಮ್ಮ ದೇಶದಲ್ಲಿಯೂ ಇವೆ. ಆ ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟಬೇಕು.

ಇನ್ನು ಅಂಗಡಿಯ ಲೆಕ್ಕ. ಒಬ್ಬ ವ್ಯಾಪಾರಿ 54 ಅಳತೆಗಳನ್ನು ಇಡಲಾರ; ಒಪ್ಪೋಣ. ಆದರೆ ಗದಗಿನ ಪಕ್ಕದ ಕಣಗಿನಹಾಳದಲ್ಲಿಯೇ ಅಲ್ಲವೆ, 1905ರಲ್ಲಿ, ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘ ಹುಟ್ಟಿದುದು? ಒಬ್ಬ ರೈತನಿಗೆ ಹೊರಲಾಗದ ಸಾಲದ ಭಾರವನ್ನು ಊರು ಕೂಡಿ ಹೊತ್ತುದು ಈ ಮಣ್ಣಿನ ನಡೆ. ಹಳ್ಳಿ ಹಳ್ಳಿಗಳ ಸ್ವಸಹಾಯ ಸಂಘಗಳ ಹೆಂಗಸರು ತಮ್ಮ ತಮ್ಮ ಅಳತೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಒಟ್ಟುಗೂಡಿಸಿದರೆ, ಹತ್ತು ಊರುಗಳ ಬೇಡಿಕೆಯನ್ನು ಕೂಡಿಸಿ ಒಮ್ಮೆಗೇ ತರಿಸಬಹುದು. 'ಕೇಳುವವರು ಯಾರೂ ಬರುವುದಿಲ್ಲ' ಎಂಬ ಮಾತಿಗೆ ಆ ಚೀಟಿಗಳ ಕಟ್ಟೇ ಉತ್ತರವಾದೀತು.

ಎಲ್ಲಕ್ಕಿಂತ ಮೊದಲು ಮಾತು ಬೇಕು. ಕುಪ್ಪಸ, ಕಂಚುಕ, ರವಿಕೆ, ಝಂಪರ ಎಂದು ಮೇಲಿನ ಉಡುಪಿಗೆ ಇಷ್ಟು ಹೆಸರುಗಳಿರುವ ನುಡಿಯಲ್ಲಿ ಒಳಗಿನದನ್ನು ಕೇಳುವಾಗ ಧ್ವನಿ ತಗ್ಗಬೇಕಾಗಿಲ್ಲ. ನಾನು ಒಳಕುಪ್ಪಸ ಎಂದು ಬರೆದಿದ್ದೇನೆ; ಬ್ರಾ ಎನ್ನುವವರು ಹಾಗೆಯೇ ಎನ್ನಲಿ, ಬಾಡಿ ಎನ್ನುವವರು ಹಾಗೆಯೇ ಕೇಳಲಿ. ಅಂಗಡಿಯ ಮುಂದೆ ನಿಂತು ನಿಚ್ಚಳವಾಗಿ ಕೇಳುವಂತಾಗಲಿ. ಈ ಪುಟದಲ್ಲಿ ಇದನ್ನು ಬರೆದುದು ಅನುಚಿತವೆಂದು ಇನ್ನೂ ಯಾರಿಗಾದರೂ ತೋರಿದರೆ, ಅವರು ತಮ್ಮ ಮನೆಯ ಹೆಂಗಸರನ್ನೊಮ್ಮೆ ವಿಚಾರಿಸಲಿ. ಬರುವ ಉತ್ತರ ನನ್ನ ಬರವಣಿಗೆಗಿಂತ ಚೆನ್ನಾಗಿ ವಿಷಯವನ್ನು ತಿಳಿಸೀತು.

ಹೋದ ತಿಂಗಳು ಚಿಗವ್ವನ ಮಗ ಧಾರವಾಡಕ್ಕೆ ಬಂದಿದ್ದ. ಒಂದು ಡಬ್ಬಿಯ ತುಂಬ ಶೇಂಗಾದ ಉಂಡೆ ತಂದುಕೊಟ್ಟ. "ಶೇಂಗಾ ಯಾರ ಆರಿಸಿ ತಂದ್ರೋ, ಇಷ್ಟ ಛಲೋ ಅದಾವಲ್ಲ?" ಎಂದು ಕೇಳಿದೆ. "ಅವ್ವನ ಸಂತಿಗೆ ಹೋಗಿದ್ಲು" ಎಂದ, ಅದರಲ್ಲಿ ವಿಶೇಷವೇನೂ ಇಲ್ಲವೆಂಬಂತೆ.